ಮಲ್ಪೆಯ ಎದುರಿಗೇ ಇತ್ತು ಮಡಗಾಸ್ಕರ

1498ರ ಸೆಪ್ಟೆಂಬರ್ ತಿಂಗಳು. ಕಲ್ಲಿಕೋಟೆಯ ಅರಸ ಸಾಮೂದಿರಿಯೊಡನೆ ವ್ಯವಹಾರ ಕುದುರದೆ ಮುನಿಸಿಕೊಂಡು ಹೊರಟಿದ್ದ ವಾಸ್ಕೋ ಡ ಗಾಮನ ಹಡಗುಗಳು ನಮ್ಮ ಕರಾವಳಿಯ ಗುಂಟ ಉತ್ತರಕ್ಕೆ ಸಾಗುತ್ತಿದ್ದವು. ದಂಡೆಯಿಂದ ಸ್ವಲ್ಪ ದೂರದಲ್ಲಿ ಕೆಲವು ನಡುಗಡ್ಡೆಗಳು ಕಂಡವು. ಹೊಸ ನೆಲ ಕಂಡಲ್ಲಿ ತಮ್ಮ ದೊರೆಯ ಗುರುತಿಗೆ ಕಲ್ಲುಕಂಬ ನೆಡುವುದು ಪೋರ್ಚುಗೀಸ್ ನಾವಿಕರ ವಾಡಿಕೆ. ದೊರೆ ಕೊಟ್ಟು ಕಳಿಸಿದ್ದ ಮೂರು ಕಂಬಗಳಲ್ಲಿ ಒಂದಕ್ಕೆ ಸಂತ ಮರಿಯಳ ಹೆಸರು. ಅದನ್ನು ದೋಣಿಯಲ್ಲಿ ಸಾಗಿಸಿ ಒಂದು ನಡುಗಡ್ಡೆಯ ಮೇಲೆ ನಿಲ್ಲಿಸಿದರು. ಕಲ್ಲಿಕೋಟೆಗೆ ಹೋಗುವ ಮೊದಲೇ ಗಾಮ ಇಲ್ಲಿ ಇಳಿದಿದ್ದ, ಶಿಲುಬೆ ನೆಟ್ಟಿದ್ದ ಎಂದು ಪ್ರವಾಸಿ ಕೈಪಿಡಿಗಳು ಹೇಳುತ್ತವೆ. ಆ ಯಾನದಲ್ಲಿ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿಯ ಪ್ರಕಾರ ಇದು ನಡೆದದ್ದು ಮರಳುವ ದಾರಿಯಲ್ಲಿ.

ಆ ಕಂಬ ಈಗಿಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ. ಸಾವಿರಾರು ಮೈಲಿ ದೂರದ ಲಿಸ್ಬನ್ನಿನಿಂದ ಒಂದು ಕಲ್ಲುಕಂಬ ಹೊತ್ತು ತಂದವರು ಅದನ್ನು ಕಲ್ಲುಕಂಬಗಳಿಂದಲೇ ಆದ ದ್ವೀಪದ ಮೇಲೆ ನೆಟ್ಟರಲ್ಲ, ಅವರಿಗೆ ಅಲ್ಲಿನ ತಮಾಷೆ ಹೊಳೆಯಿತೋ ಇಲ್ಲವೋ. ದಿನಚರಿಯಲ್ಲಿ ದ್ವೀಪದ ಕಲ್ಲಿನ ಮಾತೇ ಇಲ್ಲ.

ಸೇಂಟ್ ಮೇರೀಸ್ ದ್ವೀಪಗಳು ಉಡುಪಿಗೆ ತಾಗಿದ ಮಲ್ಪೆಯ ಎದುರು, ಐದಾರು ಕಿಲೋಮೀಟರ್ ಒಳಗೆ, ಉತ್ತರ ದಕ್ಷಿಣವಾಗಿ ಸಾಲುಗಟ್ಟಿ ನಿಂತಿವೆ. ಊರವರ ಬಾಯಲ್ಲಿ ಇದು ತೋನ್ಸೆಪಾರ್. ದೊಡ್ಡವು ಎನ್ನಬಹುದಾದವು ನಾಲ್ಕು. ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ಜೊತೆಗೆ ಕೋಟೆಯ ಅವಶೇಷ ಇರುವ ದರಿಯಾ ಬಹದ್ದೂರ್‌ಗಡ. ಉಳಿದವು ಅಲೆ ಇಳಿದಾಗ ತಲೆ ಎತ್ತಿ, ಏರಿದಾಗ ಮುಳುಗುವ ಬಂಡೆಗಳು. ದೊಡ್ಡವು ಎಂದೆನಾದರೂ ನಂಬಿಕೊಂಡು ಹೋಗಬೇಡಿ. ಪ್ರವಾಸಿ ದೋಣಿ ನಿಲ್ಲುವ ತೆಂಗಿನ ದ್ವೀಪದ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ಸುಮಾರು ನೂರು ಮೀಟರ್. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಹತ್ತು ಮೀಟರಿನ ಆಸುಪಾಸು.

ಮಲ್ಪೆಯಿಂದ ದೋಣಿ ಹೊರಟು ಅರ್ಧ ಗಂಟೆಯಾಗುವುದರೊಳಗೆ ತೆಂಗಿನ ಮರಗಳ ಸಾಲು ಸ್ಪಷ್ಟವಾಗುತ್ತದೆ. ಇಳಿದವರಲ್ಲಿ ಹೆಚ್ಚಿನವರು ಪೂರ್ವದ ತಣ್ಣಗಿನ ಮಗ್ಗುಲಲ್ಲಿ ನೀರಿಗಿಳಿಯುತ್ತಾರೆ, ಚಿಪ್ಪು ಹೆಕ್ಕುತ್ತಾರೆ, ಕಂಬಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಮಗೆ ಬೇಕಾದದ್ದು ಇರುವುದು ಪಶ್ಚಿಮದ ಬದಿಗೆ, ತೆರೆದ ಕಡಲು ಬಡಿಯುವಲ್ಲಿ. ಆ ಕಡೆ ಹೆಜ್ಜೆ ಹಾಕಿದರೆ ದೋಣಿಯವರಲ್ಲಿ ಯಾರಾದರೂ ಕೂಗುವುದು ಖಂಡಿತ: “ಆ ಕಡೆ ತುಂಬ ಮುಂದೆ ಹೋಗ್ಬೇಡಿ ಮಾರಾಯ್ರೆ, ಪಾಚಿ ಉಂಟು, ಜಾರ್ತದೆ!” ಅವರ ಮಾತು ಕೇಳಬೇಕು. ಆದರೂ ಒಣಗಿದ ಕಲ್ಲಿನ ಮೇಲೆ ಕೂತು ನೋಡಲು ಬೇಕಾದಷ್ಟಿದೆ.

ಮೊದಲ ನೋಟಕ್ಕೆ ಯಾರೋ ಕಲ್ಲುಕುಟಿಗರು ಕೆತ್ತಿ ಒತ್ತೊತ್ತಾಗಿ ನಿಲ್ಲಿಸಿದಂತೆ ಕಾಣುವ ಕಂಬಗಳು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರ, ಇನ್ನು ಕೆಲವು ಆರು ಮೀಟರಿನವರೆಗೂ. ಒಂದು ಕಡೆ ನೆಟ್ಟಗೆ ನಿಂತಿದ್ದರೆ ಇನ್ನೊಂದು ಕಡೆ ಸಾಮೂಹಿಕವಾಗಿ ವಾಲಿಕೊಂಡಿವೆ. ಒಂದರ ತಲೆಯ ಮೇಲೆ ಬೆರಳಾಡಿಸುತ್ತ ಮುಖಗಳನ್ನು ಎಣಿಸಿ. ಆರು ಬರುತ್ತದೆ. ಪಕ್ಕದ್ದರಲ್ಲಿ ಐದು. ಅದರಾಚೆಯದರಲ್ಲಿ ಏಳು. ಕಂಬ ಮತ್ತು ಕಂಬದ ನಡುವೆ ಒಂದು ಕಾಗದ ತೂರುವಷ್ಟೇ ಸಂದು. ಸಮುದ್ರ ಕೊರೆದ ಕಡೆ ಬೆರಳು ಹೋಗುವಷ್ಟು. ಈಗ ಇನ್ನೂ ಹತ್ತಿರಕ್ಕೆ ಬಗ್ಗಿ, ಅಲೆಯ ಸಿಂಪಡಿಕೆಗೆ ಒದ್ದೆಯಾದ ಒಂದು ಹೊಸ ಮುರುಕನ್ನು ನೋಡಿ. ಬೂದು ಬಣ್ಣದ ನುಣುಪು ಹಿನ್ನೆಲೆಯಲ್ಲಿ ಅಕ್ಕಿನುಚ್ಚಿನಂಥ ಬಿಳಿ ಚುಕ್ಕಿಗಳು. ಅವು ಫೆಲ್ಡ್‌ಸ್ಪಾರ್ ಹರಳುಗಳು. ಲಾವಾ ಹೊರಗೆ ಬರುವ ಮೊದಲೇ, ನೆಲದಡಿಯಲ್ಲಿ ನಿಧಾನವಾಗಿ ಕಾವು ಇಳಿಯುತ್ತಿದ್ದಾಗ ಬೆಳೆದುಕೊಂಡವು. ಉಳಿದ ಬೂದು ಭಾಗ ಮೇಲೆ ಬಂದ ನಂತರ ಗಡಿಬಿಡಿಯಲ್ಲಿ ಗಟ್ಟಿಯಾದದ್ದು. ಈ ಬಿಳಿ ಚುಕ್ಕಿಗಳನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ. ಮೊದಲು ಕಂಬದ ಪ್ರಶ್ನೆ ಮುಗಿಸೋಣ.

ಕಲ್ಲು ತಾನಾಗಿ ಆರು ಮೂಲೆಗೆ ಒಡೆಯುವುದು ಹೇಗೆ?

ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳವನ್ನು ಎಲ್ಲರೂ ನೋಡಿರುತ್ತೇವೆ. ನೀರು ಆರಿದಂತೆ ಮಣ್ಣು ಕುಗ್ಗುತ್ತದೆ. ಆದರೆ ಇಡೀ ಅಂಗಳ ಒಟ್ಟಾಗಿ ನಡುವಿಗೆ ಸರಿಯಲು ಸಾಧ್ಯವಿಲ್ಲ, ಕೆಳಗಿನ ಒದ್ದೆ ಮಣ್ಣು ಹಿಡಿದುಕೊಂಡಿರುತ್ತದೆ. ಎಳೆತ ತಾಳದೆ ಮೇಲ್ಪದರ ಬಿರಿಯುತ್ತದೆ. ಲಾವಾದ ಕಥೆಯೂ ಇದೇ, ಅಲ್ಲಿ ಆರುವುದು ನೀರಿನ ಬದಲು ಕಾವು. ಕಾದ ಕಲ್ಲು ಕೆಲವು ನೂರು ಡಿಗ್ರಿ ತಣಿದರೆ ಮೀಟರಿಗೆ ಕೆಲವು ಮಿಲಿಮೀಟರಿನಷ್ಟು ಕುಗ್ಗುತ್ತದೆ. ಕೇಳಲು ಅಲ್ಪ. ಆದರೆ ಕಲ್ಲು ಹಿಚುಕಿದರೆ ತಾಳುತ್ತದೆಯೇ ಹೊರತು ಎಳೆದರೆ ತಾಳುವ ಜಾತಿಯಲ್ಲ. ಅಷ್ಟು ಸಾಕು, ಬಿರುಕು ಬಿಡುತ್ತದೆ.

ಕೆರೆಯ ಬಿರುಕಿಗೂ ಈ ದ್ವೀಪದ ಬಿರುಕಿಗೂ ಒಂದು ವ್ಯತ್ಯಾಸವಿದೆ. ಕೆರೆಯಲ್ಲಿ ಮೊದಲು ಒಂದು ಉದ್ದನೆಯ ಬಿರುಕು ಹರಿಯುತ್ತದೆ, ಆಮೇಲೆ ಹುಟ್ಟಿದ್ದು ಅದಕ್ಕೆ ಬಂದು ನೇರ ಕೋನದಲ್ಲಿ ಡಿಕ್ಕಿ ಹೊಡೆದು ನಿಲ್ಲುತ್ತದೆ. ಹಾಗಾಗಿ ಅಲ್ಲಿ ಸಿಗುವುದು ಹೆಚ್ಚಾಗಿ ನಾಲ್ಕು ಮೂಲೆಯ ಅಡ್ಡಾದಿಡ್ಡಿ ಹೆಂಟೆಗಳು. ಲಾವಾದ ಮೇಲ್ಮೈಯಲ್ಲೂ ಆರಂಭಕ್ಕೆ ಇದೇ ಅಡ್ಡಾದಿಡ್ಡಿ. ಆದರೆ ಅಲ್ಲಿ ಬಿರುಕು ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ತಣಿವು ಒಳಗೆ ಇಳಿದಂತೆಲ್ಲ ಬಿರುಕೂ ಹಿಂದೆಯೇ ಇಳಿಯುತ್ತದೆ, ಒಂದೇ ಸಲಕ್ಕೆ ಅಲ್ಲ, ತುಂಡು ತುಂಡಾಗಿ. ಸ್ವಲ್ಪ ಆಳ ಒಡೆಯುತ್ತದೆ, ಇನ್ನೂ ಮೆತ್ತಗಿರುವ ಬಿಸಿ ಪದರ ಸಿಕ್ಕಿದೊಡನೆ ನಿಲ್ಲುತ್ತದೆ, ಆ ಪದರ ತಣಿದ ಮೇಲೆ ಮತ್ತೆ ಮುಂದುವರಿಯುತ್ತದೆ. ಪ್ರತಿ ಸಲ ಮುಂದುವರಿದಾಗಲೂ ಬಿರುಕುಗಳು ಕೂಡುವ ಜಾಗ ಚೂರೇಚೂರು ಜರುಗುತ್ತದೆ, ಕೋನ ಚೂರೇಚೂರು ತಿದ್ದಿಕೊಳ್ಳುತ್ತದೆ. ಹಲವು ಸುತ್ತು ಕಳೆಯುವಷ್ಟರಲ್ಲಿ ಮೂರು ಬಿರುಕುಗಳು ಸಮಸಮವಾಗಿ, 120 ಡಿಗ್ರಿಯ ಅಂತರದಲ್ಲಿ ಕೂಡತೊಡಗುತ್ತವೆ. ಕುಗ್ಗುವಿಕೆಯ ಎಳೆತವನ್ನು ಅತಿ ಕಡಿಮೆ ಬಿರುಕಿನಲ್ಲಿ ಇಳಿಸಿಕೊಳ್ಳುವ ದಾರಿ ಅದು.

ಬೇರೆ ಬೇರೆ ದೇಶದ ಕಂಬಗಲ್ಲುಗಳ ಮೈಮೇಲೆ ಈ ನಿಂತು ನಿಂತು ನಡೆದದ್ದರ ಗುರುತು ಕಾಣುತ್ತದೆ. ಕಂಬಕ್ಕೆ ಅಡ್ಡಲಾಗಿ ಕೆಲವು ಸೆಂಟಿಮೀಟರಿಗೊಂದರಂತೆ ಪಟ್ಟಿಗಳು, ಉಳಿಯಿಂದ ಹೊಡೆದ ಹಾಗೆ. ಒಂದೊಂದು ಪಟ್ಟಿ ಒಂದೊಂದು ಸಲದ ಒಡೆತ. ಉಪ್ಪುನೀರು ಉಜ್ಜಿದ ಕಡೆ ಇವು ಅಳಿಸಿಹೋಗಿರುತ್ತವೆ, ಹಾಗಾಗಿ ಅಲೆಗೆ ಮರೆಯಾದ ಮುಖಗಳನ್ನೇ ಹುಡುಕಬೇಕು.

ಐದು, ಏಳು ಯಾಕೆ ಬಂದವು, ಎಲ್ಲವೂ ಆರೇ ಯಾಕಾಗಲಿಲ್ಲ ಎಂದು ಕೇಳಬಹುದು. ಇದಕ್ಕೆ ಗಣಿತದ ಒಂದು ಸೊಗಸಾದ ಉತ್ತರವಿದೆ. ಹದಿನೆಂಟನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಕೊಟ್ಟ ಸೂತ್ರದಿಂದ ಹೊರಡುವ ಮಾತು ಇದು: ದೊಡ್ಡ ಬಯಲನ್ನು ಹೇಗೆ ಬೇಕಾದರೂ ಮನೆಗಳಾಗಿ ಹೋಳು ಮಾಡಿ, ಪ್ರತಿ ಸಂಧಿಯಲ್ಲೂ ಮೂರೇ ಗೆರೆ ಕೂಡುವಂತಿದ್ದರೆ, ಮನೆಗಳ ಮುಖಗಳ ಸರಾಸರಿ ಆರು. ಎಲ್ಲೋ ಒಂದು ಏಳು ಮುಖದ್ದು ಬಂದರೆ ಇನ್ನೆಲ್ಲೋ ಒಂದು ಐದು ಮುಖದ್ದು ಬರಲೇಬೇಕು. ಲಾವಾಕ್ಕೆ ರೇಖಾಗಣಿತ ಗೊತ್ತಿಲ್ಲ. ಮೂರು ಬಿರುಕು ಒಂದೆಡೆ ಕೂಡುವುದೊಂದೇ ಅದಕ್ಕೆ ಗೊತ್ತಿರುವುದು, ಆರು ತಾನಾಗಿ ಬರುತ್ತದೆ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಕಂಬಗಳಿವೆ. ಅಲ್ಲಿ ಎಣಿಸಿದವರಿಗೂ ಆರರ ಜೊತೆಗೆ ಐದು, ಏಳು ಧಾರಾಳವಾಗಿಯೇ ಸಿಕ್ಕಿವೆ.

ಇದನ್ನೆಲ್ಲ ಅಡುಗೆಮನೆಯಲ್ಲಿ ಮಾಡಿ ನೋಡಬಹುದು. ಅಂಗಡಿಯಿಂದ ಕಾರ್ನ್‌ಫ್ಲೋರ್ ತನ್ನಿ. ಒಂದು ಗಾಜಿನ ಲೋಟದಲ್ಲಿ ಅದರಷ್ಟೇ ತೂಕದ ನೀರು ಬೆರೆಸಿ, ಬೂಸ್ಟು ಹಿಡಿಯದಂತೆ ಎರಡು ಹನಿ ಬ್ಲೀಚ್ ಹಾಕಿ, ಮೇಲಿನಿಂದ ಕಾವು ಬೀಳುವಂತೆ ಹಳೆಯ ಬಗೆಯ ಬಿಸಿಯಾಗುವ ಬಲ್ಬು ಉರಿಸಿಡಿ. ಒಂದು ವಾರದ ಹೊತ್ತಿಗೆ ಹಿಟ್ಟು ಪೂರ್ತಿ ಒಣಗುತ್ತದೆ. ಮೇಲೆ ನೋಡಿದರೆ ಕೆರೆಯಂಗಳದ ಬಿರುಕು. ನಿರಾಸೆಪಡದೆ ಗಟ್ಟಿಯನ್ನು ಹುಷಾರಾಗಿ ಎಬ್ಬಿಸಿ ಮುರಿಯಿರಿ. ಒಳಗೆ ಕೆಲವೇ ಮಿಲಿಮೀಟರ್ ದಪ್ಪದ, ಮೂಲೆ ಮೂಲೆಯಾದ ಪುಟ್ಟ ಕಂಬಗಳ ಕಟ್ಟು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಲ್ಯೂಕಾಸ್ ಗೋರಿಂಗ್ ಮತ್ತು ಸ್ಟೀಫನ್ ಮಾರಿಸ್ ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಒಣಗುವ ವೇಗವನ್ನು ಏರಿಸಿ ಇಳಿಸಿ, ಒಳಗಿನ ಬಿರುಕುಗಳನ್ನು ಎಕ್ಸ್‌ರೇಯಲ್ಲಿ ಪದರಪದರವಾಗಿ ನೋಡಿ ಅವರು ತೋರಿಸಿದ್ದೇನೆಂದರೆ, ಕಂಬದ ದಪ್ಪವನ್ನು ನಿರ್ಧರಿಸುವುದು ಒಣಗುವ ಅಥವಾ ತಣಿಯುವ ವೇಗ. ನಿಧಾನವಾದಷ್ಟೂ ಕಂಬ ದಪ್ಪ. ಹಿಟ್ಟಿಗೆ ಹೇಳಿದ್ದು ಲಾವಾಕ್ಕೂ ಸಲ್ಲುತ್ತದೆ ಎಂದು ಅವರು 2009ರ ಪ್ರಬಂಧವೊಂದರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಒಡೆಯುವಾಗ ಲಾವಾ ಎಷ್ಟು ಬಿಸಿ ಇರುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 2018ರಲ್ಲಿ, ಲಿವರ್‌ಪೂಲಿನಲ್ಲಿ. 2010ರಲ್ಲಿ ಯುರೋಪಿನ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿ, ಟಿವಿಯಲ್ಲಿ ವಾರ್ತೆ ಓದುವವರ ನಾಲಿಗೆಯನ್ನೂ ಗೋಳುಹೊಯ್ದುಕೊಂಡ ಐಸ್‌ಲ್ಯಾಂಡಿನ ಜ್ವಾಲಾಮುಖಿ ನೆನಪಿರಬಹುದು. ಅದರ ಬಸಾಲ್ಟ್ ಕಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ, ಕಾಯಿಸಿ, ಕುಗ್ಗಲು ಜಾಗ ಕೊಡದೆ ತಣಿಸಿದರು. ಆ ಕಲ್ಲು ಗಟ್ಟಿಯಾಗುವುದು 980 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ. ಪಟ್ಟನೆ ಒಡೆದದ್ದು 840ರಿಂದ 890 ಡಿಗ್ರಿಯ ನಡುವೆ. ಅಂದರೆ ಕಲ್ಲು ಹೊಸದಾಗಿ ಕಲ್ಲಾಗಿ, ಇನ್ನೂ ಕೆಂಪಗೆ ಹೊಳೆಯುತ್ತಿರುವಾಗಲೇ ಕಂಬಗಳು ರೂಪುಗೊಂಡು ಆಗಿರುತ್ತವೆ.

ಕಂಬಗಳು ತಣಿದ ಲಾವಾ ಎಂದು ಇಂದು ಇಷ್ಟು ಸಲೀಸಾಗಿ ಹೇಳುವ ಮಾತಿಗೆ ಯುರೋಪಿನಲ್ಲಿ ಒಂದು ಶತಮಾನದ ಜಗಳ ನಡೆದಿದೆ. ಜಯಂಟ್ಸ್ ಕಾಸ್‌ವೇಯ ಕಂಬಗಳು ಕಲಿತವರ ಗಮನಕ್ಕೆ ಬಂದದ್ದು 1690ರ ದಶಕದಲ್ಲಿ. 1740ರ ಸುಮಾರಿಗೆ ಸುಸಾನಾ ಡ್ರೂರಿ ಎಂಬ ಚಿತ್ರಕಾರ್ತಿ ಅವುಗಳನ್ನು ಎಷ್ಟು ನಿಷ್ಠೆಯಿಂದ ಬಿಡಿಸಿದಳೆಂದರೆ, ಆ ಚಿತ್ರಗಳ ಅಚ್ಚುಪ್ರತಿಗಳು ವಿಜ್ಞಾನಿಗಳ ಮೇಜಿಗೆ ಸಾಕ್ಷ್ಯವಾಗಿ ಬಂದವು. ಹಳೆಯ ಸಾಗರದ ನೀರಿನಲ್ಲಿ ಕರಗಿದ್ದ ಪದಾರ್ಥ ತಳಕ್ಕಿಳಿದು ಹರಳುಗಟ್ಟಿದ್ದೇ ಈ ಕಂಬಗಳು ಎಂದು ಒಂದು ಪಂಗಡ. ಅದಕ್ಕೆ ಆಮೇಲೆ ಗುರುವಾದವನು ಜರ್ಮನಿಯ ಫ್ರೈಬರ್ಗ್‌ನ ಅಬ್ರಹಾಂ ವೆರ್ನರ್. ಆರು ಮೂಲೆಯ ಹರಳು ಎಲ್ಲರಿಗೂ ಗೊತ್ತಿದ್ದ ಕಾಲ, ಮೇಲಾಗಿ ಕಂಬಗಳು ನಿಂತಿದ್ದುದೂ ಸಮುದ್ರದ ದಂಡೆಯಲ್ಲಿ. ಅವರ ಊಹೆ ಮೂರ್ಖತನದ್ದೇನಲ್ಲ. ಫ್ರಾನ್ಸಿನ ನಿಕೊಲಾ ದೆಮಾರೆ ಮಾತ್ರ 1763ರಲ್ಲಿ ಓವೆರ್ನ್ಯ್ ಪ್ರಾಂತದಲ್ಲಿ ಇಂಥದೇ ಕಂಬಗಳನ್ನು ಕಂಡು, ಅವು ಇದ್ದ ಲಾವಾ ಹಾಸನ್ನು ಹಿಂಬಾಲಿಸಿಕೊಂಡು ಗುಡ್ಡ ಹತ್ತಿದ. ಹಾಸು ಕೊನೆಗೆ ಆರಿದ ಜ್ವಾಲಾಮುಖಿಯ ಬಾಯಿಗೆ ಹೋಗಿ ಮುಟ್ಟಿತು. ಆಮೇಲೆ ವಾದಕ್ಕೆ ಬಂದವರಿಗೆಲ್ಲ ಅವನು ಹೋಗಿ ನೋಡಿ ಬನ್ನಿ ಎಂದಷ್ಟೇ ಹೇಳುತ್ತಿದ್ದನಂತೆ.

ನಮ್ಮ ದ್ವೀಪದಲ್ಲಿ ಹಿಂಬಾಲಿಸಿಕೊಂಡು ಹೋಗಲು ಗುಡ್ಡವೂ ಇಲ್ಲ, ಜ್ವಾಲಾಮುಖಿಯ ಬಾಯಿಯೂ ಇಲ್ಲ. ಸುತ್ತ ನೀರು. ಎದುರಿನ ದಂಡೆಗೆ ಹೋದರೆ ಮರಳು, ಅದರ ಹಿಂದೆ ಮುರಕಲ್ಲು, ಅದಕ್ಕೂ ಕೆಳಗೆ 250ರಿಂದ 300 ಕೋಟಿ ವರ್ಷ ಹಳೆಯ ನೀಸ್ ಬಂಡೆ. ಈ ಲಾವಾ ಎಲ್ಲಿಂದ ಬಂತು?

ಹಳೆಯ ಕಾಲದ ಸುಲಭದ ಉತ್ತರ ದಖನ್ ಪ್ರಸ್ಥಭೂಮಿ. ಮಹಾರಾಷ್ಟ್ರದ ಬಹುಪಾಲಿಗೆ ಹಾಸಿ, ಬೆಳಗಾವಿ, ವಿಜಯಪುರ, ಕಲಬುರಗಿಗಳವರೆಗೂ ಚಾಚಿಕೊಂಡ ಲಾವಾ ಪದರಗಳಿವೆಯಲ್ಲ, ಅವುಗಳದೇ ಒಂದು ತುಣುಕು ದಕ್ಷಿಣಕ್ಕೆ ಸಿಡಿದಿದೆ ಎಂದುಕೊಂಡರೆ ಆಯಿತು. ಮುಂಬಯಿಯ ಅಂಧೇರಿಯಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಉಸಿರುಗಟ್ಟಿ ನಿಂತಿರುವ ಗಿಲ್ಬರ್ಟ್ ಹಿಲ್ ಎಂಬ ಕಂಬಗಲ್ಲಿನ ಗುಡ್ಡ ನಿಜಕ್ಕೂ ಆ ಕುಲದ್ದೇ. ಆದರೆ ಸೇಂಟ್ ಮೇರೀಸ್ ಆ ಕುಲಕ್ಕೆ ಸೇರುವುದಿಲ್ಲ. ಮೊದಲ ಸಾಕ್ಷಿ, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಬಿಳಿ ಚುಕ್ಕಿಯ ಬೂದುಗಲ್ಲು.

ಪ್ರವಾಸಿ ಬರಹಗಳಲ್ಲಿ, ಅಂತರ್ಜಾಲದಲ್ಲಿ, ಕೆಲವೊಮ್ಮೆ ಪತ್ರಿಕೆಗಳಲ್ಲೂ ಇದನ್ನು ಬಸಾಲ್ಟ್ ಎಂದೇ ಓದುತ್ತೀರಿ. ಕಂಬ ಕಂಡರೆ ಬಸಾಲ್ಟ್ ಎಂದು ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಈ ಕಲ್ಲು ರಯೋಲೈಟ್ ಮತ್ತು ಅದರ ಹತ್ತಿರದ ಬಂಧು ಡೇಸೈಟ್‌ಗಳ ಗುಂಪಿನದು. ಇದು ಹೆಸರಿನ ಕ್ಷುಲ್ಲಕ ತಕರಾರಲ್ಲ. ಬಸಾಲ್ಟಿನಲ್ಲಿ ಸಿಲಿಕಾ ಸುಮಾರು ಅರ್ಧದಷ್ಟು, ರಯೋಲೈಟಿನಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು. ಗ್ರಾನೈಟು ನೆಲದೊಳಗೆ ಗಟ್ಟಿಯಾಗುವ ಬದಲು ಮೇಲೆ ಉಕ್ಕಿ ಹರಿದಿದ್ದರೆ ರಯೋಲೈಟ್ ಆಗುತ್ತಿತ್ತು. ಬಸಾಲ್ಟ್ ಲಾವಾ ತೆಳು, ಹೊಳೆಯಂತೆ ಹರಿದು ಹತ್ತಾರು ಕಿಲೋಮೀಟರ್ ಹೋಗುತ್ತದೆ. ರಯೋಲೈಟ್ ಲಾವಾ ಮಹಾ ಅಂಟು, ಉಗಮದ ಹತ್ತಿರವೇ ದಪ್ಪಗೆ ರಾಶಿಬೀಳುತ್ತದೆ. ದಪ್ಪ ರಾಶಿ ನಿಧಾನ ತಣಿಯುತ್ತದೆ. ದಪ್ಪ ಎರಡು ಪಟ್ಟಾದರೆ ತಣಿಯುವ ಕಾಲ ನಾಲ್ಕು ಪಟ್ಟು. ಹಾಗಾಗಿಯೇ ಇಲ್ಲಿಯೂ ಕಂಬಗಳು ಮೂಡಲು ಬಿಡುವು ಸಿಕ್ಕಿತು. ಜಗತ್ತಿನ ಪ್ರಸಿದ್ಧ ಕಂಬಗಲ್ಲುಗಳಲ್ಲಿ ಬಹುಪಾಲು ಬಸಾಲ್ಟ್. ಇಷ್ಟು ಸಿಲಿಕಾ ತುಂಬಿದ ಲಾವಾದಲ್ಲಿ ಇಷ್ಟು ಅಚ್ಚುಕಟ್ಟಾದ ಕಂಬಗಳು ಅಪರೂಪ.

ರಯೋಲೈಟ್ ಹುಟ್ಟುವ ಬಗೆಯೂ ಬೇರೆ. ಭೂಮಿಯ ಚಿಪ್ಪಿನ ಕೆಳಗಿನ ಪದರ ಕರಗಿದರೆ ಮೊದಲು ಸಿಗುವುದು ಬಸಾಲ್ಟ್. ಆ ಸುಡು ಬಸಾಲ್ಟ್ ಮೇಲೇರುವಾಗ ಖಂಡದ ಹಳೆಯ ಚಿಪ್ಪಿನ ತಳದಲ್ಲಿ ತಂಗಿ, ಅಲ್ಲಿನ ಕಲ್ಲನ್ನು ಕರಗಿಸಿದರೆ, ಇಲ್ಲವೇ ತಾನೇ ಹರಳು ಕಳೆದುಕೊಳ್ಳುತ್ತ ಹೋದರೆ, ಸಿಲಿಕಾ ಹೆಚ್ಚಿದ ಪಾಕ ತಯಾರಾಗುತ್ತದೆ. ಅಂದರೆ ಮಲ್ಪೆಯ ಎದುರು ಒಂದು ಕಾಲಕ್ಕೆ ಖಂಡದ ಬುಡಕ್ಕೇ ಬೆಂಕಿ ಬಿದ್ದಿತ್ತು.

ಯಾವ ಕಾಲಕ್ಕೆ? ಇಲ್ಲಿ ಆ ಬಿಳಿ ಹರಳು ಮತ್ತು ಅದರ ಸುತ್ತಲಿನ ಬೂದು ಕಲ್ಲು ಗಡಿಯಾರದ ಕೆಲಸ ಮಾಡುತ್ತವೆ. ಅವುಗಳೊಳಗಿನ ಪೊಟ್ಯಾಸಿಯಮ್‌ನಲ್ಲಿ ಒಂದು ಚೂರು ಪಾಲು ವಿಕಿರಣಶೀಲ. ಅದು ಸುಮಾರು 125 ಕೋಟಿ ವರ್ಷಕ್ಕೆ ಅರ್ಧದಂತೆ ಕರಗುತ್ತ, ಒಂದಷ್ಟು ಭಾಗ ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಕರಗಿದ್ದಾಗ ಆರ್ಗಾನ್ ಹಾರಿಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದದ್ದನ್ನು ಅಳೆದರೆ ಗಟ್ಟಿಯಾಗಿ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. 1980ರ ದಶಕದ ಆರಂಭದಲ್ಲಿ ಹೀಗೆ ಅಳೆದಾಗ ಸುಮಾರು 9.3 ಕೋಟಿ ವರ್ಷ ಬಂತು. ಕಲ್ಲು ಹವೆಗೆ ಸವೆದಾಗ ಆರ್ಗಾನ್ ಸೋರಿಹೋಗುವುದೋ ಹೊರಗಿನದು ಸೇರಿಕೊಳ್ಳುವುದೋ ಉಂಟು, ಆ ದೋಷವನ್ನು ಹಿಡಿಯುವ ಸುಧಾರಿತ ವಿಧಾನ ಆಮೇಲೆ ಬಂತು. ಅದನ್ನು ಬಳಸಿ ಕಾಂಚನ್ ಪಾಂಡೆ, ಹೇತು ಶೇಠ್ ಮತ್ತು ರಜನೀಶ್ ಭೂತಾನಿ 2001ರಲ್ಲಿ ಪ್ರಕಟಿಸಿದ ವಯಸ್ಸು 8.56 ಕೋಟಿ ವರ್ಷ. ದಖನ್ ಲಾವಾ ಉಕ್ಕಿದ್ದು 6.6 ಕೋಟಿ ವರ್ಷದ ಹಿಂದೆ. ಹೆಚ್ಚುಕಡಿಮೆ ಎರಡು ಕೋಟಿ ವರ್ಷದ ಅಂತರ. ಮಲ್ಪೆಯ ಕಂಬಗಳು ತಣಿದು, ಸವೆದು, ಹಳತಾದ ಎಷ್ಟೋ ಕಾಲದ ಮೇಲೆ ದಖನ್ನಿನ ಮೊದಲ ಲಾವಾ ಹರಿಯಿತು.

ಹಾಗಾದರೆ ಆ ಹೊತ್ತಿನಲ್ಲಿ ಜಗತ್ತಿನ ಇನ್ನೆಲ್ಲಿ ಲಾವಾ ಉಕ್ಕುತ್ತಿತ್ತು ಎಂದು ಹುಡುಕಿದರೆ ಬೆರಳು ಹೋಗಿ ನಿಲ್ಲುವುದು ಮಡಗಾಸ್ಕರದ ಮೇಲೆ. ಆ ದ್ವೀಪದ ಪೂರ್ವ ಕರಾವಳಿಯುದ್ದಕ್ಕೂ, ಪಶ್ಚಿಮ ಮತ್ತು ದಕ್ಷಿಣದಲ್ಲೂ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಹರಡಿಕೊಂಡಿದೆ. ಬಸಾಲ್ಟೂ ಇದೆ, ರಯೋಲೈಟೂ ಇದೆ. ಮತ್ತು ಆಗ ಮಡಗಾಸ್ಕರ ಇಂದಿನಂತೆ ಉಡುಪಿಯಿಂದ ಸುಮಾರು 4,000 ಕಿಲೋಮೀಟರ್ ದೂರ ಇರಲಿಲ್ಲ. ಭಾರತದ ಪಶ್ಚಿಮ ಅಂಚಿಗೆ ಅಂಟಿಕೊಂಡೇ ಇತ್ತು. ಆಫ್ರಿಕಾದಿಂದ ಕಿತ್ತುಕೊಂಡು ಬಂದ ಈ ಜೋಡಿ ಭೂಮಧ್ಯರೇಖೆಗೆ ಬಹಳ ದಕ್ಷಿಣದಲ್ಲಿತ್ತು. ಕೆಳಗಿನಿಂದ ಎದ್ದ ಬಿಸಿಯ ಬುಗ್ಗೆಯೊಂದು, ಇಂದು ದಕ್ಷಿಣ ಹಿಂದೂ ಮಹಾಸಾಗರದ ಮೇರಿಯನ್ ದ್ವೀಪದ ಅಡಿಯಲ್ಲಿ ಇದೆ ಎನ್ನಲಾಗುವ ಅದೇ ಬುಗ್ಗೆ, ಇವೆರಡರ ನಡುವಿನ ಚಿಪ್ಪನ್ನು ಕಾಯಿಸಿ, ತೆಳುವಾಗಿಸಿ, ಸೀಳಿತು ಎಂಬುದು ಹೆಚ್ಚಿನ ಭೂವಿಜ್ಞಾನಿಗಳು ಒಪ್ಪುವ ಚಿತ್ರ. ಸೀಳಿದ ಜಾಗದಲ್ಲಿ ಸಮುದ್ರ ನುಗ್ಗಿತು. ಮಡಗಾಸ್ಕರ ಆಫ್ರಿಕಾದ ಮಗ್ಗುಲಲ್ಲೇ ಉಳಿಯಿತು, ಭಾರತ ಉತ್ತರಕ್ಕೆ ಓಡಿತು. ಈ ಅಗಲಿಕೆಯ ಲಾವಾದಲ್ಲಿ ಅವರ ಪಾಲಿಗೆ ಸಿಂಹಪಾಲು ಹೋಯಿತು. ನಮ್ಮ ಕಡೆ ಕಡಲ ಮೇಲೆ ತಲೆ ಎತ್ತಿ ಉಳಿದದ್ದು ಇಷ್ಟೇ ಇಷ್ಟು. ಕರ್ನಾಟಕದ ಒಳನಾಡಿನಲ್ಲಿ ಹಳೆಯ ಬಂಡೆಗಳನ್ನು ಕೊರೆದುಕೊಂಡು ನಿಂತ ಕೆಲವು ಕಪ್ಪುಕಲ್ಲಿನ ಗೋಡೆಗಳ ವಯಸ್ಸೂ ಇದೇ ಎಂದು ಆಮೇಲೆ ತಿಳಿಯಿತು. ಅವು ಮೇಲಕ್ಕೆ ಉಕ್ಕಲಾಗದೆ ಬಿರುಕಿನಲ್ಲೇ ಗಟ್ಟಿಯಾದ ಪಾಕ.

ವಯಸ್ಸು ತಾಳೆಯಾದ ಮಾತ್ರಕ್ಕೆ ಸಂಬಂಧ ಸಿದ್ಧವಾಗುವುದಿಲ್ಲ. 2009ರಲ್ಲಿ ಇಟಲಿಯ ಲಿಯೊನೆ ಮೆಲ್ಲುಸೊ, ಶೇಠ್ ಮತ್ತು ಸಂಗಡಿಗರು ಸೇಂಟ್ ಮೇರೀಸ್‌ನ ಕಲ್ಲನ್ನು ಪೂರ್ವ ಮಡಗಾಸ್ಕರದ ರಯೋಲೈಟುಗಳ ಪಕ್ಕದಲ್ಲಿಟ್ಟು, ಖನಿಜ, ರಸಾಯನ, ಐಸೋಟೋಪು ಎಲ್ಲವನ್ನೂ ಹೋಲಿಸಿದರು. ನೆಂಟಸ್ತನ ಕಂಡಿತು. ಇನ್ನೂ ಹಳೆಯ ಸಾಕ್ಷಿ ಬೇಕೆಂದರೆ ಲಾವಾದ ಕೆಳಗಿನ ಬುನಾದಿ ಇದೆ. ಈಶಾನ್ಯ ಮಡಗಾಸ್ಕರದ ಅಂತೊಂಗಿಲ್ ಪ್ರದೇಶದ 300 ಕೋಟಿ ವರ್ಷ ಮೀರಿದ ನೀಸ್ ಬಂಡೆಗಳು ನಮ್ಮ ಧಾರವಾಡ ಶಿಲಾಖಂಡದ ಪಶ್ಚಿಮ ಭಾಗದವುಗಳ ಜೊತೆ ಹೊಂದುತ್ತವೆ. ನಕಾಶೆ ತೆಗೆದು ನೋಡಿದರೂ ಸಾಕು. ಮಡಗಾಸ್ಕರದ ಪೂರ್ವ ಕರಾವಳಿ ಅಡಿಕೋಲು ಇಟ್ಟು ಎಳೆದಂತೆ ನೇರ, ಅದರ ಹಿಂದೆಯೇ ಕಡಿದಾದ ಘಟ್ಟ. ನಮ್ಮ ಪಶ್ಚಿಮ ಕರಾವಳಿ, ಅದರ ಹಿಂದೆ ಸಹ್ಯಾದ್ರಿ. ಎರಡೂ ಹರಿದ ಅಂಚುಗಳೇ. ಕೊಡಲಿ ಎಸೆದು ಸಮುದ್ರವನ್ನು ಹಿಂದೆ ಸರಿಸಿ ಈ ನೆಲ ಪಡೆದ ಪರಶುರಾಮನ ಕಥೆ ಕರಾವಳಿಯವರಿಗೆ ಬಾಯಿಪಾಠ. ಭೂವಿಜ್ಞಾನದ ಕಥೆಯಲ್ಲಿ ಕೊಡಲಿ ಏಟು ಬಿದ್ದದ್ದು ನಿಜ, ಆದರೆ ಆ ಏಟಿಗೆ ಸಮುದ್ರ ಹಿಂದೆ ಹೋಗಲಿಲ್ಲ, ಒಳಗೆ ಬಂತು.

ಒಟ್ಟಿಗಿದ್ದ ಕಾಲದ ಇನ್ನೊಂದು ಗುರುತು ಪಳೆಯುಳಿಕೆಗಳಲ್ಲಿದೆ. ಗುಜರಾತಿನಲ್ಲಿ ಸಿಕ್ಕಿ 2003ರಲ್ಲಿ ನಾಮಕರಣವಾದ ರಾಜಾಸಾರಸ್ ಎಂಬ ಮಾಂಸಾಹಾರಿ ಡೈನೋಸಾರಿಗೆ ಮಡಗಾಸ್ಕರದ ಮಜುಂಗಾಸಾರಸ್ ಹತ್ತಿರದ ಬಂಧು. ಇಬ್ಬರೂ ಬದುಕಿದ್ದು ನಡುವೆ ಸಾಗರ ಹರಡಿಕೊಂಡ ಮೇಲೆ. ಅವರ ಪೂರ್ವಜರು ಮಾತ್ರ ಒಂದೇ ನೆಲದಲ್ಲಿ ಓಡಾಡಿದವರು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಕಂಬಗಳಿಗಾಗಿ ಮಾತ್ರ ಆದರೆ ಸೇಂಟ್ ಮೇರೀಸ್ ಜಗತ್ತಿನ ದೊಡ್ಡ ಅದ್ಭುತಗಳ ಸಾಲಿಗೆ ಬರುವುದಿಲ್ಲ. ಜಯಂಟ್ಸ್ ಕಾಸ್‌ವೇ ಇದಕ್ಕಿಂತ ವಿಸ್ತಾರ, ಸ್ಕಾಟ್ಲೆಂಡಿನ ಫಿಂಗಲ್ ಗುಹೆ ಇದಕ್ಕಿಂತ ಭವ್ಯ. ಆದರೆ ಎರಡು ಭೂಖಂಡಗಳು ಕಡಿದುಕೊಂಡ ಜಾಗದ ಲಾವಾವನ್ನು, ಅರ್ಧ ಗಂಟೆಯ ದೋಣಿಯಲ್ಲಿ ಹೋಗಿ ಕೈಯಲ್ಲಿ ಮುಟ್ಟಿ ಬರುವ ಅವಕಾಶ ಭಾರತದ ದಂಡೆಯಲ್ಲಿ ಇನ್ನೆಲ್ಲಿದೆ? ಜನ ಕಂಬದ ಆಕಾರ ನೋಡಿ ಬೆರಗಾಗಿ ಹಿಂದಿರುಗುತ್ತಾರೆ. ಆಕಾರ ತಣಿಯುವ ಯಾವ ಲಾವಾಕ್ಕಾದರೂ ಬರಬಹುದಾದದ್ದು. ಈ ಕಲ್ಲು ಮಾತ್ರ ಇಲ್ಲಿಯದೇ.

ಸಮುದ್ರದ ಕೆಲಸದ ಬಗ್ಗೆ ಎರಡು ಮಾತು. ದ್ವೀಪವನ್ನು ಸುತ್ತಿ ಬಂದರೆ ಎತ್ತರದಿಂದ ನೀರಿನವರೆಗೆ ಹಂತ ಹಂತವಾಗಿ ಇಳಿಯುವ ಸಮತಟ್ಟು ಜಗುಲಿಗಳು ಗಮನಕ್ಕೆ ಬರುತ್ತವೆ. ಅಲೆ ಬಡಿದು ಕೊರೆಯುವುದು ತನ್ನ ಮಟ್ಟದಲ್ಲೇ. ಹಾಗಾಗಿ ಇಂದಿನ ಅಲೆಗೆ ಎಟುಕದ ಎತ್ತರದಲ್ಲಿ ಅಂಥ ಜಗುಲಿ ಇದೆ ಎಂದರೆ ಒಂದೋ ಸಮುದ್ರ ಇಳಿದಿದೆ, ಇಲ್ಲವೇ ನೆಲ ಎದ್ದಿದೆ. ಕಂಬಗಳ ಸಂದಿನಲ್ಲಿ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಸಡಿಲಿಸುತ್ತದೆ, ಮಳೆಗಾಲದ ಅಲೆ ಸಡಿಲಾದದ್ದನ್ನು ಎಳೆದೊಯ್ಯುತ್ತದೆ. ದಂಡೆಯಲ್ಲಿ ಕಾಲಿಗೆ ಚುಚ್ಚುವ ಚಿಪ್ಪುಗಳ ರಾಶಿಯಲ್ಲಿ ಕಂಬದ ಚೂರುಗಳೂ ಬೆರೆತಿರುತ್ತವೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿದ ದಿಂಬಿನಾಕಾರದ ಲಾವಾ, ಕೋಲಾರದ ಗಣಿಪ್ರದೇಶದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ, ಇವು ಅದೇ ಪಟ್ಟಿಯಲ್ಲಿರುವ ಕರ್ನಾಟಕದ ಇತರ ಮೂರು. ಸ್ಮಾರಕವೆಂದರೆ ಹಂಪಿಯ ಮಂಟಪದಷ್ಟೇ ಜತನ ಬೇಕಾದದ್ದು ಎಂಬ ಭಾವನೆ ನಮ್ಮಲ್ಲಿ ಇನ್ನೂ ಕಲ್ಲುಬಂಡೆಯವರೆಗೆ ಬಂದಿಲ್ಲ. ಕಂಬಗಳ ಮೇಲೆ ಗೀಚಿದ ಹೆಸರುಗಳೂ ಸಂದುಗಳಲ್ಲಿ ತುರುಕಿದ ಪ್ಲಾಸ್ಟಿಕ್ ಬಾಟಲಿಗಳೂ ಅದಕ್ಕೆ ಸಾಕ್ಷಿ.

ಹೋಗುವವರಿಗೆ ಕೆಲವು ಸೂಚನೆ. ಮಳೆಗಾಲದಲ್ಲಿ ದೋಣಿ ಇಲ್ಲ, ಕಡಲು ತಣಿದ ಮೇಲೆ ಹೋಗಿ. ಬೆಳಗಿನ ಮೊದಲ ದೋಣಿ ಹಿಡಿಯಿರಿ, ನೀರು ಇಳಿತ ಇರುವ ದಿನವನ್ನು ಮೊದಲೇ ವಿಚಾರಿಸಿಕೊಂಡರೆ ಇನ್ನೂ ಒಳ್ಳೆಯದು. ನೆರಳು ಕಡಿಮೆ, ಕುಡಿಯುವ ನೀರು ಜೊತೆಗಿರಲಿ, ಖಾಲಿ ಬಾಟಲಿ ವಾಪಸ್ ಬರಲಿ. ಕಪ್ಪಗೆ ಒದ್ದೆಯಾದ ಬಂಡೆಗೆ ಕಾಲಿಡಬೇಡಿ, ಅಲ್ಲಿ ಜಾರಿ ಜೀವ ಕಳೆದುಕೊಂಡವರಿದ್ದಾರೆ. ಮಕ್ಕಳ ಕೈಗೊಂದು ಭೂತಗನ್ನಡಿ ಕೊಟ್ಟು ಆ ಬಿಳಿ ಹರಳುಗಳನ್ನು ತೋರಿಸಿ, ಮುಖಗಳನ್ನು ಎಣಿಸಲು ಹೇಳಿ. ನೆನಪಿಗೆಂದು ಕಲ್ಲು ತರಬೇಡಿ, ಸುತ್ತಿಗೆ ಮನೆಯಲ್ಲೇ ಇರಲಿ.